ಸಂಜೆಯ ಹತ್ತಿ ಹೂ

ಸೆಪ್ಟೆಂಬರ್ 9, ಸೋಮವಾರ. ಸಂಜೆ 6.40

ಹತ್ತಿ ಹೂವಿನ ನಾಲ್ಕನೇ ಹಾಳೆಯೂ ಕೆಟ್ಟಿತು. ಪೂರ್ತಿ ಒದ್ದೆ ಮಾಡಿ ಹಳದಿ ಬಿಟ್ಟೆ, ಹರಡಿತು, ಚೆಂದ ಇತ್ತು. ಮೇಲೆ ಗುಲಾಬಿ ಬಿಡುವಷ್ಟರಲ್ಲಿ ಕಾಗದ ಒಣಗಿ ಕೂತಿದೆ. ಅಂಚು ಬ್ಲೇಡಿನಿಂದ ಕೊಯ್ದ ಹಾಗೆ. ಐದನೆಯದಕ್ಕೆ ಅವಸರ ಮಾಡಿದೆ — ಗುಲಾಬಿ ಓಡಿಹೋಗಿ ಹಳದಿಯೆಲ್ಲ ಕೆಸರು.

ಯೂಟ್ಯೂಬಿನ ಹುಡುಗಿ ಎರಡು ನಿಮಿಷ ಕಾಯಿರಿ ಅನ್ನುತ್ತಾಳೆ. ಅವಳಿಗೇನು, ಕಿಟಕಿಯಾಚೆ ಮಳೆ ಹೊಯ್ಯುತ್ತಿರುತ್ತದೆ. ಮಾನ್ವಿಯಲ್ಲಿ, ಈ ಫ್ಯಾನಿನ ಕೆಳಗೆ, ನಲವತ್ತು ಸೆಕೆಂಡು. ಫ್ಯಾನ್ ಆರಿಸಿದರೆ ಹಾಳೆ ಮೇಲೆ ನನ್ನ ಬೆವರು.

ಇವರು ಸಿರವಾರದ ರೈಸ್ ಮಿಲ್ಲಿನಿಂದ ಬಂದು ಬಾಗಿಲಲ್ಲೇ ನಿಂತು, “ನಿನ್ನ ಹೂವು ಒಣಗೂದ್ರೊಳಗ ನನ್ನ ರೊಟ್ಟಿ ಒಣಗಿ ಹಪ್ಪಳ ಆಗ್ಯಾವು ನೋಡು” ಅಂದರು. ನಗು ಬಂತು. ಸಿಟ್ಟೂ ಬಂತು.

ಸೆ. 12, ಗುರುವಾರ

ಅರ್ಜಿ ಹಾಕಿದ್ದ ಕೆಲಸಕ್ಕೆ ಕಾಲ್ ಲೆಟರ್ ಬಂತು. ರಾಯಚೂರಿನ ಹತ್ತಿ ಸಂಶೋಧನಾ ಕೇಂದ್ರ. ಆರ್ಟಿಸ್ಟ್, ಒಂದೇ ಪೋಸ್ಟ್. 28ಕ್ಕೆ, ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಎದುರಿಗಿಟ್ಟ ಹತ್ತಿ ಹೂವನ್ನು ಇದ್ದದ್ದು ಇದ್ದಂತೆ ವಾಟರ್‌ಕಲರಿನಲ್ಲಿ ಬರೆಯಬೇಕು. ಒಂದೇ ಹಾಳೆ ಕೊಡುತ್ತಾರಂತೆ. ವಯಸ್ಸು ನಲವತ್ತೈದರ ಒಳಗೆ. ಜನವರಿಗೆ ನನಗೆ ನಲವತ್ತೈದು ತುಂಬುತ್ತದೆ. ಮುಂದಿನ ಸಲ ಎಂಬುದಿಲ್ಲ.

ಹತ್ತೊಂಬತ್ತು ವರ್ಷ ಡ್ರಾಯಿಂಗ್ ಟೀಚರ್. ಮಾವಿನಹಣ್ಣು, ಧ್ವಜ, ಆಗಸ್ಟ್ ಹದಿನೈದರ ಚಾರ್ಟು. ಹೆಡ್‌ಮಾಸ್ಟರ್ ಮಗಳ ಮದುವೆಗೆ ರಂಗೋಲಿ. ಒಬ್ಬರೂ ಒಂದು ದಿನವೂ ಕಲಾವಿದೆ ಅಂದಿಲ್ಲ. ನನಗೆ ಈ ಕೆಲಸ ಬೇಕು. ಬಹಳ ಬೇಕು.

ಸೆ. 15, ಭಾನುವಾರ. ಸಂಜೆ

ಹಿಂದಿನ ಓಣಿಯ ಅಮರಮ್ಮನಿಗೆ ಹೂ ಕೇಳಿದ್ದೆ. ಚೀಕಲಪರ್ವಿ ರಸ್ತೆಯ ಬೀಜದ ಹತ್ತಿ ಹೊಲದಲ್ಲಿ ಕ್ರಾಸಿಂಗ್ ಕೆಲಸ ಅವಳದು. ಸಂಜೆ ಮೊಗ್ಗು ಬಿಡಿಸಿ ಒಳಗಿನ ಗಂಡು ಎಳೆ ತೆಗೆಯುವುದು. ಮರುದಿನ ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂ ತಂದು ಅದಕ್ಕೆ ಒರೆಸುವುದು.

“ಬೆಳಗಿನ ಹೂ ಮಾತ್ರ ಕೇಳಬ್ಯಾಡ್ರಿ ಅಕ್ಕೋರೇ, ಮಾಲಕ ಜೀವ ತಿಂತಾನ. ಕೆಲಸ ಮುಗಿದ ಗಂಡು ಹೂವ ಬೇಕಾದಷ್ಟು ಬಿದ್ದಿರ್ತಾವು” ಅಂದಳು. ಸೆರಗಿನಲ್ಲಿ ಕಟ್ಟಿ ತಂದಳು. ಬೆಳಗಿನ ತಿಳಿ ಹಳದಿಗೆ ಸಂಜೆ ಹೊತ್ತಿಗೆ ಅಂಚಿನಲ್ಲಿ ಗುಲಾಬಿ ಇಳಿದಿರುತ್ತದೆ. ಏನು ಚೆಂದ!

ನಾನು ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಿದ್ದೆ. ಅವಳಿಗೆ ನಗು.

“ಗಡಿಯಾರ ಯಾಕ್ರೀ? ಮೊಗ್ಗಿ ಬಲತದ್ದು ನಾವೇನು ಗಡಿಯಾರ ನೋಡಿ ತಿಳಕೊಂತೀವಾ?” ಬೆರಳಿನ ಹಿಂಬದಿ ಹಾಳೆಯ ಮೂಲೆಗೆ ಹಚ್ಚಿದಳು. “ಇನ್ನಾ ಇಲ್ಲ... ಇನ್ನಾ ಇಲ್ಲ... ಹಾಂ. ತಣ್ಣಗ ಅದ, ಆದ್ರ ಬೆರಳಿಗೆ ನೀರು ಹತ್ತವಲ್ದು. ಈಗ ಬಿಡ್ರಿ.”

ಬಿಟ್ಟೆ. ಗುಲಾಬಿ ಹಳದಿಯೊಳಗೆ ಮೆಲ್ಲಗೆ ಹೋಗಿ ತಾನೇ ನಿಂತಿತು. ಅಯ್ಯೋ ನನ್ನವ್ವ! ಇಬ್ಬರೂ ಉಸಿರು ಹಿಡಿದು ನೋಡಿದೆವು.

ಸೆ. 24, ಮಂಗಳವಾರ

ದಿನಾ ಸಂಜೆ ಆರಕ್ಕೆ ಹೂ ಬರುತ್ತದೆ. ದಿನಾ ಮೂರು ಹಾಳೆ. ಮೂರೂ ಸರಿ ಬರುತ್ತಿವೆ. ಬೆರಳು, ಕುಂಚ, ಗುಲಾಬಿ. ಈಗ ಯೋಚನೆಯೇ ಬೇಡ, ಕೈ ತಾನೇ ಹೋಗುತ್ತದೆ. ಅಮರಮ್ಮ ಒಂದು ಹಾಳೆ ಮನೆಗೆ ಒಯ್ದು ಗೋಡೆಗೆ ಅಂಟಿಸಿದ್ದಾಳಂತೆ. “ನೌಕ್ರಿ ನಿಮ್ಮದೇ ಬಿಡ್ರಿ” ಅಂದಳು. ನನಗೂ ಹಾಗೇ ಅನಿಸುತ್ತಿದೆ.

ಸೆ. 28, ಶನಿವಾರ. ಮಧ್ಯಾಹ್ನ 2, ರಾಯಚೂರು ಬಸ್ ಸ್ಟ್ಯಾಂಡ್

ಮಾನ್ವಿ ಬಸ್ಸಿಗೆ ಇನ್ನೂ ಹೊತ್ತಿದೆ. ಆದದ್ದು ಬರೆಯುತ್ತೇನೆ.

ಎಂಟು ಜನ ಇದ್ದೆವು. ಎ.ಸಿ. ಕೋಣೆ. ಕಾಗದ ಒಣಗಲೊಲ್ಲದು. ಉಳಿದವರು ಒದ್ದಾಡಿದರು. ನಾನು ಬೆರಳು ಹಚ್ಚಿ ಹಚ್ಚಿ ನೋಡಿದೆ. ಕಾದೆ. ಸರಿಯಾದ ಗಳಿಗೆಗೆ ಗುಲಾಬಿ ಬಿಟ್ಟೆ. ಇಷ್ಟು ಚೆಂದ ಯಾವತ್ತೂ ಇಳಿದಿರಲಿಲ್ಲ.

ಆಮೇಲೆ ತಲೆ ಎತ್ತಿದೆ. ಲೋಟದಲ್ಲಿದ್ದ ಹೂವು ಬೆಳಿಗ್ಗೆ ಕಿತ್ತದ್ದು. ತಿಳಿ ಹಳದಿ. ಗುಲಾಬಿ ಒಂದು ಹನಿಯೂ ಇಲ್ಲ.

ಬೆಳಿಗ್ಗೆ ಹಳದಿ ಇರುತ್ತದೆಂದು ಗೊತ್ತಿತ್ತು. ಗೊತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹದಿಮೂರು ದಿನ ಬರೆದದ್ದೆಲ್ಲ ಸಂಜೆಯ ಹೂ.

ಪರೀಕ್ಷೆ ಮಾಡುವವರು ಡಾ. ಗುಲ್ಫಶಾ ಅಂತ. ಹಾಳೆ ಎತ್ತಿ ಬಹಳ ಹೊತ್ತು ನೋಡಿದರು. “ಕೈ ಭಾಳ ಛಲೋ ಅದ ರೀ ನಿಮ್ದು. ಆದ್ರ ಈ ಗುಲಾಬಿ ಎಲ್ಲಿಂದ ಬಂತು?”

“ತಪ್ಪಾಗ್ಯದ್ರಿ ಮೇಡಂ” ಅಂದೆ.

“ಇದ್ದದ್ದು ಇದ್ದಂಗ ಬೇಕು ನಮಗ. ರೈತರು ಇದನ್ನ ನೋಡೇ ತಳಿ ಗುರುತು ಹಿಡೀತಾರ.” ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಪಕ್ಕದಲ್ಲಿ ದೇವದುರ್ಗದ ಸಿದ್ರಾಮ ಎಂಬುವನ ಹೂವು. ಅಂಚೆಲ್ಲ ಗಟ್ಟಿ, ನೀರಿನ ಕಲೆ. ಆದರೆ ಹಳದಿ.

ಅಕ್ಟೋಬರ್ 4, ಶುಕ್ರವಾರ. ಸಂಜೆ 6

ಪಟ್ಟಿ ಬಂತು. ಸಿದ್ರಾಮ. ಶಾಲೆಯಲ್ಲಿ ಐದನೇ ಪೀರಿಯಡ್ ತೆಗೆದುಕೊಂಡೆ, ಮಾವಿನಹಣ್ಣು ಹೇಳಿಕೊಟ್ಟೆ. ಬಚ್ಚಲಿಗೆ ಹೋಗಿ ಅತ್ತೆ. ಮುಖ ತೊಳೆದು ಆರನೇ ಪೀರಿಯಡ್ಡಿಗೂ ಹೋದೆ.

ಈಗ ಅಮರಮ್ಮ ಬಂದಿದ್ದಳು. ಸುದ್ದಿ ಅವಳಿಗೆ ಮೊದಲೇ ಮುಟ್ಟಿದೆ. ಹೊಸಿಲಲ್ಲಿ ಕೂತಳು. ಬೆರಳೆಲ್ಲ ಹಳದಿ ಪುಡಿ.

“ಒಂದು ಕೇಳ್ತೀನಿ ಅಕ್ಕೋರೇ. ನನ್ನ ಹೂವ ಕೆಲಸಕ್ಕ ಬಂದ್ವೋ ಇಲ್ಲೋ? ನನ್ನಿಂದೇನರ ಎಡವಟ್ಟು ಆತೇನು?”

“ಬಂದ್ವು. ನಿನ್ನ ಹೂವಿನಿಂದಾನ ಕೈ ಛಲೋ ಅದ ಅಂದ್ರು ಅವ್ರು.”

“ಮತ್ತ?”

“ಮತ್ತೇನಿಲ್ಲ. ಅವ್ರಿಗೆ ಗಂಡಸರ ಬೇಕಾಗಿದ್ರು ಕಾಣ್ತದ.”

“ಅವ್ರ ಬಾಯಾಗ ಮಣ್ಣು ಹಾಕ!” ಅಂದಳು. ನಗು ಬಂದುಬಿಟ್ಟಿತು. ಗುಲ್ಫಶಾ ಮೇಡಂ, ಕ್ಷಮಿಸಿ. ಸೆರಗು ಬಿಚ್ಚಿ ಹೂ ಸುರಿದಳು. ಇವತ್ತು ಹತ್ತೋ ಹನ್ನೆರಡೋ ಇವೆ. ನಾಳೆಯೂ ತರುತ್ತೇನೆ ಅಂತ ಹೇಳಿ ಹೋದಳು. ಬೇಡ ಅನ್ನಲು ಆಗಲಿಲ್ಲ.

ಒಂದನ್ನು ಲೋಟದಲ್ಲಿ ಇಟ್ಟಿದ್ದೇನೆ. ಹಾಳೆ ಒದ್ದೆ ಮಾಡಿ ಹಳದಿ ಬಿಟ್ಟಾಯಿತು. ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ಮೂಲೆಗೆ ಬೆರಳು ಹಚ್ಚಿದೆ, ಇನ್ನೂ ಇಲ್ಲ. ಮತ್ತೆ ಹಚ್ಚಿದೆ. ತಣ್ಣಗಿದೆ, ನೀರು ಹತ್ತು—