ನನ್ನ ತರಗತಿಯ ಬಾಗಿಲಿಗೆ ನೀನು ಬಿಟ್ಟ ಎಣ್ಣೆ

ಭಾನುವಾರ, ಮೇ ೧೮

ಕಂಡದ್ದನ್ನೆಲ್ಲ ರಿಪೇರಿ ಮಾಡುವ ನನ್ನ ಅಕ್ಕನಿಗೆ, ತಂಗಿಯ ಪ್ರೀತಿಯ ಗುದ್ದುಗಳು.

ಕೈಯಲ್ಲಿ ಸೂಜಿ ಇದ್ದರೆ ಕೆಳಗಿಟ್ಟು ಓದು. ಫೆಬ್ರವರಿಯಲ್ಲಿ ನನ್ನ ಕಾಲೇಜು ನೋಡಲು ಬಂದಿದ್ದೆಯಲ್ಲ, ನಾನು ಒಳಗೆ ಪಾಠ ಮಾಡುತ್ತಿದ್ದಾಗ ನೀನು ಹೊರಗಿನ ಬೆಂಚಿನಲ್ಲಿ ಕೂರಲಾರದೆ, ಕೈಚೀಲದಿಂದ ಹೊಲಿಗೆ ಯಂತ್ರದ ಎಣ್ಣೆ ತೆಗೆದು ತರಗತಿಯ ಬಾಗಿಲಿನ ಕೀಲುಗಳಿಗೆ ಬಿಟ್ಟೆ. ಪಾಠ ಹೇಗಿತ್ತು ಎಂದು ಕೇಳಿದರೆ, ನಿನ್ನ ಪಾಠ ಯಾರು ಕೇಳಿದರು, ನನಗೆ ಕೈತುಂಬ ಕೆಲಸವಿತ್ತು ಎಂದೆ. ಊರು ಸೇರಿದ ಮೇಲೆ ಫೋನ್ ಮಾಡಿ ಬಾಗಿಲು ಹೇಗಿದೆ ಎಂದು ಬೇರೆ ವಿಚಾರಿಸಿದೆ. ಬೆಣ್ಣೆಯ ಹಾಗಿದೆ ಎಂದೆ ನಾನು. ಬೆಣ್ಣೆಯ ಹಾಗಿದ್ದದ್ದೇ ತಾಪತ್ರಯ ಎಂದು ಹೇಳಲು ಆಗ ಬಾಯಿ ಬರಲಿಲ್ಲ. ಈಗ ಬರುತ್ತದೆ.

ಅದು ಬರೀ ಬಾಗಿಲಾಗಿರಲಿಲ್ಲ ಅಕ್ಕ. ಅದೊಂದು ಆನರ್ಸ್ ಪ್ರಬಂಧ.

ಈ ವರ್ಷ ನನ್ನ ಮಾರ್ಗದರ್ಶನದಲ್ಲಿ ಪ್ರಬಂಧ ಬರೆದ ಹುಡುಗಿಯನ್ನು ಇಡೀ ಭೌತಶಾಸ್ತ್ರ ವಿಭಾಗ ಬಿರುಗಾಳಿ ಎಂದು ಕರೆಯುತ್ತದೆ. ಬಾಗಿಲು ಕಿರುಗುಟ್ಟುವ ಸದ್ದು ಕೇಳಿಯೇ ಅದರ ಕೀಲು ಎಷ್ಟು ಒಣಗಿದೆ ಎಂದು ಹೇಳಬಹುದೇ ಎಂಬುದು ಅವಳ ಪ್ರಶ್ನೆ. ಕಾಲೇಜಿನಲ್ಲೆಲ್ಲ ಕಿವಿಗೊಟ್ಟು ಅಲೆದು, ಕೊನೆಗೆ ನನ್ನ ತರಗತಿಯ ಬಾಗಿಲನ್ನೇ ಆರಿಸಿಕೊಂಡಳು. ಚೌಕಟ್ಟಿನ ಮೇಲೆ ಕೋಟಿನ ಗುಂಡಿಯಷ್ಟು ಮೈಕು. ಕಿರ್ ಎಂದರೆ ಸಾಕು, ಅದು ಎಚ್ಚರಗೊಂಡು ಸ್ವಲ್ಪ ಹೊತ್ತು ಎಲ್ಲವನ್ನೂ ಕೇಳಿಸಿಕೊಂಡು ದಾಖಲಿಸಿಡುತ್ತದೆ. ಎಣ್ಣೆ ಹಾಕಬಾರದು ಅಂತ ಒಂದು ಬೋರ್ಡು ಹಾಕೋಣ್ವಾ ಮೇಡಂ, ಎಂದು ಅವಳು ಕೇಳಿದ್ದಳು. ಹುಚ್ಚಿ, ಈ ಕಾಲೇಜಲ್ಲಿ ಕಾಲಿಗೆ ಬಿದ್ದು ಬೇಡಿದ್ರೂ ಯಾರೂ ರಿಪೇರಿ ಮಾಡಲ್ಲ, ಕೇಳದೆ ಯಾರು ಬಂದು ಮಾಡ್ತಾರೆ, ಎಂದು ನಕ್ಕುಬಿಟ್ಟೆ. ನಿನ್ನನ್ನು ಲೆಕ್ಕಕ್ಕೆ ಹಿಡಿಯದಿದ್ದದ್ದು ನನ್ನದೇ ತಪ್ಪು.

ನೀನು ರೈಲು ಹತ್ತಿದ ಮರುದಿನ ಹುಡುಗಿ ಬಾಗಿಲನ್ನು ತೆಗೆದಳು, ಹಾಕಿದಳು, ತೆಗೆದಳು. ಬಾಗಿಲು ಉಸಿರೆತ್ತಲಿಲ್ಲ. ಅವಳ ಮುಖ ಸುಣ್ಣದಂತಾಯಿತು. ಪ್ರಬಂಧವಿಲ್ಲದಿದ್ದರೆ ಆನರ್ಸ್ ಇಲ್ಲ, ಬರೀ ಪದವಿ ಕೈಗೆ ಬರುತ್ತದೆ. ಒಪ್ಪಿಸುವ ದಿನವೋ ಏಪ್ರಿಲ್ ಕೊನೆಗೆ. ಯಾರ ಕೆಲಸ ಎಂದು ನನಗೆ ವಾಸನೆಯಿಂದಲೇ ಗೊತ್ತಾಯಿತು. ಆದರೂ ಮಿಕಮಿಕ ನೋಡುತ್ತ, ಯಾರಪ್ಪಾ ಇದು, ಎಂದೆ. ವಿಭಾಗದ ಮುಖ್ಯಸ್ಥರು ಬಂದು, ವಿಷಯ ಬದಲಾಯಿಸಮ್ಮ, ಲೋಲಕದ ಮೇಲೆ ಏನಾದ್ರೂ ಬರಿ, ಎಂದರು. ಅವರು ಎಲ್ಲರಿಗೂ ಲೋಲಕವನ್ನೇ ಹೇಳುತ್ತಾರೆ. ಸೀಮೆಎಣ್ಣೆ ಹಾಕಿ ಒರೆಸಿಬಿಡಲಾ ಎಂದು ಹುಡುಗಿ ಅಳುತ್ತಲೇ ಕೇಳಿದಳು.

ಆಗ ನಮ್ಮ ಮನೆಯವರ ಅಂಗಿ ಗುಂಡಿಗಳ ಅಂಗಡಿಯಲ್ಲಿ ಕಲಿತ ಬುದ್ಧಿ ಕೈಹಿಡಿಯಿತು. ಡಬ್ಬಿ ಬಿದ್ದು ಗುಂಡಿಗಳೆಲ್ಲ ಬೆರೆತುಹೋದ ದಿನ ನೀನು ಅಳದೆ, ಬಣ್ಣಬಣ್ಣದ ಗುಂಡಿ ಎಂದು ಕೂಗಿ ಮಾರಿದ್ದೆಯಲ್ಲ! ಒರೆಸಬೇಡ ಎಂದು ಹುಡುಗಿಗೆ ಹೇಳಿದೆ. ಇಷ್ಟು ದಿನ ನಮ್ಮ ಹತ್ತಿರ ಒಣಗಿದ ಬಾಗಿಲಿತ್ತು. ಒಣಗುವುದನ್ನು ನಾವು ನೋಡಿಯೇ ಇರಲಿಲ್ಲ. ಈಗ ಮೊದಲಿನಿಂದ ನೋಡೋಣ.

ಆಮೇಲಿನ ಸಂಭ್ರಮ ಕೇಳು. ಕೀಲಿನ ಎಣ್ಣೆ ಬೇಗ ಸವೆಯಲೆಂದು ಆ ಕೋಣೆಯ ಇನ್ನೊಂದು ಬಾಗಿಲಿಗೆ ಬೀಗ ಜಡಿದೆವು. ಕೆಲಸವಿದ್ದವರು, ಇಲ್ಲದವರು, ಎಲ್ಲರೂ ಹಾದುಹೋಗಬೇಕು. ಗ್ರಂಥಪಾಲಕಿ ಊಟದ ನಂತರದ ವಾಕಿಂಗನ್ನು ಇಲ್ಲಿಗೇ ವರ್ಗಾಯಿಸಿಕೊಂಡರು. ಲೋಲಕದ ಮುಖ್ಯಸ್ಥರು ಮೊದಲು ಗೊಣಗಿದರು, ಆಮೇಲೆ ಟೀ ಲೋಟ ಹಿಡಿದು ತಾವೇ ಲೋಲಕದಂತೆ ಒಳಗೂ ಹೊರಗೂ ಆಡತೊಡಗಿದರು. ನಾನು ಪಾಠದ ನಡುವೆ ಏನನ್ನೋ ಮರೆತವಳಂತೆ ಎದ್ದೆದ್ದು ಹೋಗಿ ಬರುತ್ತಿದ್ದೆ. ಮೇಡಮ್ಮಿಗೆ ವಯಸ್ಸಾಯಿತು ಎಂದು ಮೊದಲ ವರ್ಷದ ಮಕ್ಕಳು ಮರುಗಿದರಂತೆ.

ಮಾರ್ಚ್ ಇಡೀ ಮೌನ. ಹುಡುಗಿ ಇಳಿದುಹೋದಳು, ನಾನು ಹೊರಗೆ ಧೈರ್ಯ ಹೇಳುತ್ತ ಒಳಗೇ ನಿನಗೆ ಶಾಪ ಹಾಕುತ್ತಿದ್ದೆ. ಏಪ್ರಿಲ್ ಹುಟ್ಟಿದ ಮೇಲೆ ಒಂದು ಮಧ್ಯಾಹ್ನ, ಮುಖ್ಯಸ್ಥರು ಒಳಗೆ ಕಾಲಿಟ್ಟಾಗ, ಈಗಷ್ಟೇ ಕಣ್ಣುಬಿಟ್ಟ ಬೆಕ್ಕಿನ ಮರಿಯಂತೆ ಸಣ್ಣಗೆ, ಕೀ. ಅವರು ಇಟ್ಟ ಹೆಜ್ಜೆ ಇಟ್ಟಲ್ಲೇ ನಿಂತರು. ಯಾರೂ ಅಲ್ಲಾಡಬೇಡಿ, ಎಂದು ಬಿರುಗಾಳಿ ಚೀರಿ, ಅವರನ್ನೇ ತಬ್ಬಿಕೊಂಡುಬಿಟ್ಟಳು! ಟೀ ಅವರ ಅಂಗಿಯ ಮೇಲೆ. ಅವರೂ ನಗುತ್ತಿದ್ದರು.

ದಿನ ಕಳೆದಂತೆ ಸದ್ದು ದಪ್ಪವಾಗುತ್ತ, ಒರಟಾಗುತ್ತ, ಹಳೆಯ ಕಿರುಗುಟ್ಟುವಿಕೆಗೆ ಬಂದು ಸರಿಯಾಗಿ ಕೂಡಿಕೊಂಡಿತು. ನೀನು ಹಾಳು ಮಾಡದಿದ್ದರೆ ಅವಳ ಪ್ರಬಂಧಕ್ಕೆ ಕೊನೆ ಮಾತ್ರ ಇರುತ್ತಿತ್ತು, ಶುರು ಇರುತ್ತಿರಲಿಲ್ಲ. ನಿನ್ನೆ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಎಣ್ಣೆ ಹಾಕಿದ್ದು ಯಾರು, ಎಂದು ಕೇಳಿದರು. ಬಿರುಗಾಳಿ ಕಣ್ಣು ಮಿಟುಕಿಸದೆ, ಒಬ್ಬ ಅನುಭವಿ ತಂತ್ರಜ್ಞರು ಸರ್, ಎಂದಳು. ಆನರ್ಸ್ ಸಿಕ್ಕಿತು ಅಕ್ಕ, ಅದೂ ಉನ್ನತ ಶ್ರೇಣಿಯಲ್ಲಿ. ನನಗೇ ಸಿಕ್ಕಷ್ಟು ಖುಷಿಯಾಗಿ ಮನೆಗೆ ಬರುವಾಗ ಬಸ್ಸನ್ನೇ ತಪ್ಪಿಸಿಕೊಂಡೆ.

ಬೈಯಲೆಂದೇ ಕೂತು ಹೊಗಳಿ ಮುಗಿಸಿದ,
ನಿನ್ನ ತಂಗಿ

ಮರೆತೆ: ಅನುಭವಿ ತಂತ್ರಜ್ಞರು ಯಾರೆಂದು ಹುಡುಗಿಗೆ ಮೊದಲ ದಿನದಿಂದಲೂ ಗೊತ್ತಿತ್ತಂತೆ. ನೀವು ನಿಮ್ಮ ಅಕ್ಕನ್ನ ಬೈತೀರೇನೋ ಅಂತ ಸುಮ್ಮನಿದ್ದೆ ಮೇಡಂ, ಎಂದು ನಿನ್ನೆ ನನ್ನ ಕಿವಿಗೆ ಹೆಡ್‌ಫೋನ್ ಇಟ್ಟಳು. ಹಳೆಯ ಬಾಗಿಲಿನ ಕೊನೆಯ ಕಿರ್. ಅದರ ಹಿಂದೆಯೇ ನಿನ್ನ ದನಿ, ಬಾಗಿಲಿಗೆ ಹೇಳುತ್ತಿದ್ದೆ: "ಶ್, ಬಾಯಿ ಮುಚ್ಚು. ಒಳಗೆ ನನ್ನ ತಂಗಿ ಪಾಠ ಮಾಡ್ತಿದಾಳೆ, ನನಗೂ ಕೇಳಿಸಲಿ." ಆಮೇಲೆ ಎಣ್ಣೆ ಡಬ್ಬಿಯ ಟಿಕ್ ಟಿಕ್. ಮುಂದಿನ ಸಲ ಒಳಗೇ ಬಂದು ಮೊದಲ ಬೆಂಚಿನಲ್ಲಿ ಕೂತುಕೋ. ಡಬ್ಬಿ ಮನೆಯಲ್ಲಿರಲಿ.