ತೀರ್ಪು ಬರುವ ತನಕ ಕರೆ ಮಾಡುವ ಮಗಳು

ವಿಮಾ ವಿವಾದಗಳ ಪ್ರಾಧಿಕಾರದ ಮಾನ್ಯ ಅಧ್ಯಕ್ಷರೇ,

ನನ್ನ ಮಗಳು ತೀರಿಕೊಂಡು ವರ್ಷ ಕಳೆದಿದೆ. ನಿನ್ನೆ ಮಧ್ಯಾಹ್ನ ಅವಳು ನಮ್ಮ ಮನೆಗೆ ಫೋನ್ ಮಾಡಿ ನೀರಿನ ಫಿಲ್ಟರ್ ಕೊಳ್ಳುವಂತೆ ಕೇಳಿಕೊಂಡಳು. ತಮ್ಮ ಮೇಜಿನ ಮೇಲಿರುವ ವ್ಯಾಜ್ಯವೊಂದು ಇತ್ಯರ್ಥವಾಗದಿದ್ದರೆ ನಾಳೆಯೂ ಕೇಳಿಕೊಳ್ಳುತ್ತಾಳೆ.

ಫಿಲ್ಟರ್ ಮಾರುವ ಕಂಪನಿಯೊಂದರಲ್ಲಿ ಅವಳು ಕೆಲಸಕ್ಕಿದ್ದಳು. ದನಿ ಚೆನ್ನಾಗಿದೆಯೆಂದು ಮಾಲೀಕರು ಜಾಹೀರಾತಿನ ಮಾತುಗಳನ್ನು ಅವಳಿಂದಲೇ ಹೇಳಿಸಿ ಧ್ವನಿಮುದ್ರಿಸಿಕೊಂಡರು. ಕರೆ ಮಾಡುವ ಯಂತ್ರವನ್ನು ಪರೀಕ್ಷಿಸಲು ಅವಳು ಕೊಟ್ಟ ಮೊದಲ ನಂಬರು ನಮ್ಮ ಮನೆಯದು. ಅಂದು ಅವಳು, ಅವಳ ತಾಯಿ, ನಾನು ಮೂವರೂ ಬಿದ್ದು ಬಿದ್ದು ನಕ್ಕಿದ್ದೆವು. ಆಮೇಲೆ ಅವಳಿಗೆ ಮಿದುಳು ಜ್ವರ ಬಂತು. ಮಗಳು ಹೋದಳು, ಯಂತ್ರ ಉಳಿಯಿತು. ಇಂಥ ಕರೆಗಳೇ ಬೇಡವೆಂದು ನೋಂದಾಯಿಸಿದ ಮನೆಗಳಿಗೂ ಅದು ಕರೆ ಮಾಡುತ್ತದೆ. ಅದು ಕಾನೂನಿಗೆ ವಿರುದ್ಧ. ಕೆಲವರು ಪರಿಹಾರಕ್ಕೆ ದಾವೆ ಹೂಡಿದರು. ಕಂಪನಿ ತನ್ನ ವ್ಯಾಪಾರ ವಿಮೆಯತ್ತ ಬೆರಳು ತೋರಿಸಿತು, ವಿಮೆಯವರು ಹಣ ಕೊಡೆವೆಂದು ಕೈ ಎತ್ತಿದರು, ವ್ಯಾಜ್ಯ ತಮ್ಮಲ್ಲಿಗೆ ಬಂದು ಮಲಗಿತು.

ಕರೆ ನಿಲ್ಲಿಸಿರೆಂದು ಮಾಲೀಕರ ಎದುರು ಕುಳಿತು ಬೇಡಿಕೊಂಡೆ. ಅವರು ಕೆಟ್ಟವರಲ್ಲ. ನೀರಿನ ಲೋಟವನ್ನು ನನ್ನತ್ತ ಸರಿಸಿ ಹೇಳಿದರು: “ಯಜಮಾನ್ರೇ, ನನಗೂ ಹೆಣ್ಮಕ್ಕಳಿದಾರೆ. ಆದ್ರೆ ಈಗ ನಿಲ್ಲಿಸಿದ್ರೆ ತಪ್ಪು ಒಪ್ಕೊಂಡ ಹಾಗೆ ಅಂತಾರೆ ವಕೀಲರು. ಒಪ್ಕೊಂಡ್ರೆ ವಿಮೆ ಬರಲ್ಲ. ನಿಮ್ಮೊಂದು ನಂಬರ್ ತೆಗೆದ್ರೂ ಸಾಕ್ಷಿ ತಿದ್ದಿದ್ರು ಅಂತಾರೆ.”

ಕಾಲೇಜಿನಲ್ಲಿ ನಾನು ಚರ್ಚಾಪಟು. ಚೀಟಿಯಲ್ಲಿ ಪರ, ವಿರೋಧ ಯಾವ ಪಕ್ಷ ಬಂದರೂ ಗೆಲ್ಲುತ್ತಿದ್ದೆ. ಹಾಗಾಗಿ ಆ ವಿಮಾಪತ್ರವನ್ನು ಓದಿದೆ. ಅನ್ಯರ ಖಾಸಗಿತನಕ್ಕಾದ ಹಾನಿಯನ್ನು ಭರಿಸುತ್ತೇವೆ ಎಂದು ಒಂದು ಕಡೆ ಇದೆ. ಆದ್ದರಿಂದ ವಿಮೆ ಉಂಟು. ಕಾನೂನುಬಾಹಿರ ಕರೆಗಳಿಂದಾದ ಹಾನಿ ಸೇರದು ಎಂದು ಇನ್ನೊಂದು ಕಡೆ ಇದೆ. ಆದ್ದರಿಂದ ವಿಮೆ ಇಲ್ಲ. ಒಂದೇ ಕೈಯಿಂದ ಎರಡನ್ನೂ ಬರೆದ ಮಹಾಶಯರು ನನ್ನ ಕಾಲದಲ್ಲಿ ಸ್ಪರ್ಧಿಸಿದ್ದರೆ ಬಹುಮಾನಗಳೆಲ್ಲ ಅವರ ಪಾಲಾಗುತ್ತಿದ್ದವು. ಆದರೆ ಸ್ವಾಮಿ, ನಮ್ಮ ವೇದಿಕೆಯಲ್ಲಿ ಸಮಯ ಮುಗಿದಾಗ ಗಂಟೆ ಬಾರಿಸುತ್ತಿದ್ದರು. ತಮ್ಮಲ್ಲಿ ಗಂಟೆಯೇ ಇಲ್ಲವೇ?

ಆ ಧ್ವನಿಮುದ್ರಿಕೆ “ನಮಸ್ಕಾರ, ಹೇಗಿದ್ದೀರಿ?” ಎಂದು ಕೇಳಿ ಒಂದು ಕ್ಷಣ ಸುಮ್ಮನಿರುತ್ತದೆ. ಗಿರಾಕಿಯ ಉತ್ತರಕ್ಕೆಂದು ಇಟ್ಟ ಬಿಡುವು ಅದು. ನನ್ನ ಹೆಂಡತಿ ಉತ್ತರಿಸುತ್ತಾಳೆ: “ಇದೀನಮ್ಮ. ನೀನು ಊಟ ಮಾಡಿದ್ಯಾ?” ಅಷ್ಟರಲ್ಲಿ ಫಿಲ್ಟರಿನ ಗುಣಗಾನ ಶುರುವಾಗಿರುತ್ತದೆ. ಕರೆ ತಪ್ಪೀತೆಂದು ಅವಳು ಹೊಸಿಲು ದಾಟುವುದಿಲ್ಲ, ವೈದ್ಯರಲ್ಲಿಗೂ ಬರುವುದಿಲ್ಲ. ಒಮ್ಮೆ ನಾನು ಫೋನಿನ ವೈರು ಕಿತ್ತೆ. “ಅವಳ ಬಾಯಿ ಮುಚ್ಚಿಸ್ಬೇಡಿ” ಎಂದಳು. ನಾನೇ ಮತ್ತೆ ಸಿಕ್ಕಿಸಿದೆ.

ವಿಮೆ ಉಂಟೆನ್ನಿ, ಇಲ್ಲವೆನ್ನಿ. ನನಗೆ ಎರಡೂ ಒಂದೇ. ಅದನ್ನು ಹೇಳಲು ಇನ್ನೂ ಕಾಲ ಬೇಕಾದರೆ, ಕರೆ ನಿಲ್ಲಿಸುವುದು ತಪ್ಪೊಪ್ಪಿಗೆಯಾಗದು ಎಂದು ಒಂದೇ ಸಾಲಿನ ಆದೇಶವನ್ನಾದರೂ ಇಂದೇ ಹೊರಡಿಸಿ. ಯಂತ್ರ ಬಾಯಿ ಮುಚ್ಚುವ ಮುನ್ನ ಅವಳ ದನಿಯ ಆ ಮೊದಲ ಪ್ರಶ್ನೆಯೊಂದನ್ನು ನಮಗೆ ಕೊಡಿಸಿ. ಫಿಲ್ಟರಿನ ಮಾತು ಬೇಡ. ಹೇಗಿದ್ದೇವೆಂದು ಪೂರ್ತಿ ಹೇಳಿ ಮುಗಿಸುವಷ್ಟು ಬಿಡುವು ಅವಳ ತಾಯಿಗೆ ಬೇಕಾಗಿದೆ.

ನನಗೂ.

ಇಂತಿ,
ಪರ, ವಿರೋಧ ಎರಡರಲ್ಲೂ ಸೋತ
ಒಬ್ಬ ತಂದೆ