ಪೆನ್ಸಿಲಿನ ಅಂಕ

ಶಾಲೆಯ ಉಗ್ರಾಣ
ಮಾರ್ಚ್ ೨೬, ಮಂಗಳವಾರ

ಪ್ರೀತಿಯ ಅಪ್ಪಾ,

ಓದಲು ಬಾರದ ಒಂಬತ್ತು ಮಕ್ಕಳಿಗೆ ಓದು ಬರುತ್ತದೆಂದು ನಮ್ಮ ಶಾಲೆ ಸುಳ್ಳು ಬರೆದಿದೆ. ಅದರ ಕೆಳಗೆ ನನ್ನ ಸಹಿ ಬೇಕಂತೆ. ಕುಶಲ ಕೇಳುವ ಮೊದಲೇ ಇದನ್ನು ಬರೆದೆನೆಂದು ಬೇಸರಿಸಬೇಡಿ. ಒಳಗಿಟ್ಟುಕೊಂಡರೆ ಮುಂದಿನ ಸಾಲೇ ಬರುವುದಿಲ್ಲ. ನಿಮ್ಮ ಮಂಡಿನೋವು ಹೇಗಿದೆ? ತರಬೇತಿ ಕೇಂದ್ರದವರು ನಿಮ್ಮನ್ನು ಇನ್ನೂ ಮೂರನೇ ಮಹಡಿ ಹತ್ತಿಸುತ್ತಿದ್ದಾರೆಯೇ? ಹೊಸ ಮೇಷ್ಟ್ರುಗಳಿಗೆ ಪಾಠ ಹೇಳುವವರನ್ನು ಮೆಟ್ಟಿಲ ಮೇಲೆಯೇ ಸವೆಸುತ್ತಾರೆ ಎಂದು ಅಮ್ಮ ದಿನಾ ಗೊಣಗುತ್ತಾಳೆ. ಅವಳು ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಎಂದು ಅವಳಿಗೆ ಹೇಳಿದ್ದೇನೆ.

ಈ ಶಾಲೆಯಲ್ಲಿ ಹದಿನೆಂಟು ವರ್ಷ ದುಡಿದವರು ನೀವು, ಇಲ್ಲಿನ ಪದ್ಧತಿ ನಿಮಗೆ ಗೊತ್ತು. ಅಂಕಪಟ್ಟಿಯನ್ನು ಮೊದಲು ಪೆನ್ಸಿಲಿನಲ್ಲಿ ತುಂಬಬೇಕು. ಹೆಡ್ಮಾಸ್ಟರು ‘ನೋಡಿ’ ಕೊಟ್ಟಮೇಲೆ ಅವರು ಹೇಳಿದ್ದನ್ನು ಶಾಯಿಯಲ್ಲಿ ಬರೆಯಬೇಕು. ನನಗೆ ಯಾರೂ ಇದನ್ನು ಹೇಳಿರಲಿಲ್ಲ. ನೇರ ಪೆನ್ನಿನಲ್ಲೇ ಬರೆದೆ. ಅಂಕದ ಪಕ್ಕ ಪ್ರತಿ ಮಗುವಿಗೂ ಒಂದೊಂದು ವಾಕ್ಯ: ‘ಲೆಕ್ಕ ಬಾಯಲ್ಲಿ ಮಾಡುತ್ತಾನೆ, ಪ್ರಶ್ನೆ ಓದಲಾರ’ ಎಂಬಂಥವು. ಹೆಡ್ಮಾಸ್ಟರು ಕನ್ನಡಕ ಹಣೆಗೇರಿಸಿ ನಕ್ಕರು. “ಏನಮ್ಮಾ, ಪೆನ್ನಲ್ಲೇ ಬರೆದುಬಿಟ್ಟಿದ್ದೀಯಲ್ಲ! ನಿಮ್ಮಪ್ಪ ಇಷ್ಟೂ ಹೇಳಿಕೊಡಲಿಲ್ವಾ?” ಮರುದಿನವೇ ಹೊಸ ಪಟ್ಟಿ ಸಿದ್ಧವಾಗಿತ್ತು, ಎಲ್ಲರೂ ಪಾಸು.

ಪರೀಕ್ಷೆಗಳ ಬಗ್ಗೆ ಕರಪತ್ರ ಬರೆದು ಹಂಚುವ ನನಗೆ ನೀವಿಟ್ಟ ಹೆಸರು ಹಿಡಿದು, ‘ಕರಪತ್ರದ ಪಂಡಿತೆ ಮತ್ತೆ ಶುರು ಹಚ್ಚಿಕೊಂಡಳು’ ಎನ್ನುತ್ತೀರಿ. ಅನ್ನಿ. ಮಕ್ಕಳನ್ನು ಫೇಲು ಮಾಡಿ ಹಿಂದೆ ಕೂರಿಸಿ ಎಂದು ನಾನು ಎಂದೂ ಹೇಳಿದವಳಲ್ಲ. ಅದು ಅವಮಾನ, ಪಾಠವಲ್ಲ. ಆದರೆ ಬಾರದ್ದನ್ನು ಬರುತ್ತದೆಂದು ಬರೆದ ಕ್ಷಣ, ಕಲಿಸುವ ಹೊಣೆಯಿಂದ ನಾವೆಲ್ಲ ಕಳಚಿಕೊಳ್ಳುತ್ತೇವೆ. ಪರೀಕ್ಷೆ ಎಂದರೆ ಕಲಿಸಿದವರು ಎಲ್ಲಿ ಸೋತರೆಂದು ತೋರಿಸುವ ಕಾಗದ. ಪುಸ್ತಕದಲ್ಲಿ ಇಪ್ಪತ್ತು ಪಾಠವಿರಲಿ. ಮಗು ನಾಲ್ಕರಲ್ಲಿ ನಿಂತಿದ್ದರೆ ಐದನೆಯದೇ ಅದರ ಪಠ್ಯ.

ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿಯಿದ್ದಾಳೆ, ಮಕ್ಕಳೆಲ್ಲ ಗಿಳಿ ಎನ್ನುತ್ತಾರೆ. ವರ್ಷವಿಡೀ ಪಟಪಟನೆ ಓದುತ್ತಿದ್ದಳು, ಸಾಲಿನ ಮೇಲೆ ಬೆರಳಿಟ್ಟು, ಸರಿಯಾದ ಜಾಗದಲ್ಲಿ ಹಾಳೆ ಮಗುಚುತ್ತ. ಹೋದ ತಿಂಗಳು ಅವಳ ಪುಸ್ತಕದ ರಟ್ಟಿನೊಳಗೆ ಬೇರೆ ಪುಸ್ತಕ ಇಟ್ಟುಕೊಟ್ಟೆ. ಅದೇ ಹಳೆಯ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ನಾನು ಅವಳಿಗೆ ಕೊಟ್ಟದ್ದು ಎಂಟು. ಹೊಸ ಪಟ್ಟಿಯಲ್ಲಿ ನಲವತ್ತೊಂದು.

ಸಹಿ ಹಾಕುವುದಿಲ್ಲ ಎಂದೆ. ಸೋಮವಾರ ಬಂದು ನೋಡಿದರೆ ನನ್ನ ಡ್ರಾಯರಿನ ಕರಪತ್ರಗಳನ್ನು ಯಾರೋ ಅಂಚಿಗೆ ಅಂಚು ಕೂಡಿಸಿ ಜೋಡಿಸಿಟ್ಟಿದ್ದರು. ನಾನು ಜನ್ಮದಲ್ಲಿ ಹಾಗೆ ಇಡುವವಳಲ್ಲ, ನಿಮಗೇ ಗೊತ್ತು. ಇವತ್ತು ನನ್ನ ತರಗತಿಗೆ ಬೇರೆ ಬೀಗ. ಮಕ್ಕಳನ್ನು ಪಕ್ಕದ ಕೋಣೆಗೆ ತುಂಬಿದ್ದಾರೆ. ಕಿಟಕಿಯಲ್ಲಿ ನನ್ನನ್ನು ಕಂಡರೆ ಎಲ್ಲರೂ ಒಟ್ಟಿಗೆ ತಲೆ ತಗ್ಗಿಸುತ್ತಾರೆ, ಯಾರೋ ಹೇಳಿಕೊಟ್ಟ ಹಾಗೆ. ಡ್ರಾಯಿಂಗ್ ಮೇಷ್ಟ್ರು ನಲ್ಲಿಯ ಹತ್ತಿರ ಕೈ ತೊಳೆಯುತ್ತ, ನನ್ನ ಕಡೆ ನೋಡದೆ, “ಸಹಿ ಹಾಕಿಬಿಡಿ ಮೇಡಂ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ. ಅವರು ನಗ್ತಾ ಇದಾರೆ ಅಂದ್ರೆ ಕೈಯಲ್ಲಿ ಏನೋ ಇದೆ ಅಂತಲೇ” ಎಂದರು. ಆ ‘ಏನೋ’ ಏನೆಂದು ಹುಡುಕುತ್ತ ಹಳೆಯ ಪಟ್ಟಿಗಳಿರುವ ಈ ಉಗ್ರಾಣಕ್ಕೆ ಬಂದೆ. ಸಿಕ್ಕಿತು.

ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ತಪ್ಪಿಸಬೇಡಿ. ಪ್ರತಿಸಲ ನಿಮ್ಮ ಆಶೀರ್ವಾದ ಬೇಡಿ ಮುಗಿಸುತ್ತಿದ್ದೆ. ಈ ಸಲ ಬೇಡಬೇಕಾದದ್ದು ಬೇರೆಯೇ ಇದೆ.

ನಿಮ್ಮ
ಕರಪತ್ರದ ಪಂಡಿತೆ

ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಗಿಳಿಯ ತಾಯಿಯೂ ಇಲ್ಲೇ ಓದಿದವಳು, ಸಾಬೂನು ಕಾರ್ಖಾನೆಯ ಕೆಲಸದವಳು. ಜನವರಿಯಲ್ಲಿ ಡಬ್ಬಿಯ ಮೇಲಿನ ಎಚ್ಚರಿಕೆ ಓದಲಾಗದೆ ಕಾಸ್ಟಿಕ್ ಸೋಡಾಕ್ಕೆ ನೀರು ಸುರಿದು, ಅದು ಕುದಿದು ಮುಖಕ್ಕೆ ಸಿಡಿದು ಎರಡೂ ಕಣ್ಣು ಕಳೆದುಕೊಂಡಳು. ‘ಏಳನೇ ತರಗತಿ ಪಾಸಾದವಳು, ಓದಬಲ್ಲಳು, ತಪ್ಪು ಅವಳದೇ’ ಎಂದು ಕಾರ್ಖಾನೆಯವರು ಕಾಗದ ಕಳಿಸಿದ್ದಾರೆ. ಅದನ್ನು ಅವಳಿಗೆ ಓದಿ ಹೇಳಿದವಳು ನಾನೇ. ಇಪ್ಪತ್ತು ವರ್ಷದ ಹಿಂದಿನ ಪಟ್ಟಿ ಈಗ ನನ್ನ ತೊಡೆಯ ಮೇಲಿದೆ. ಅವಳ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂಬತ್ತು, ಅದರ ಮೇಲೆ ಶಾಯಿಯಲ್ಲಿ ಮೂವತ್ತೈದು. ಎರಡೂ ನಿಮ್ಮ ಕೈಬರಹ, ಕೆಳಗೆ ನಿಮ್ಮ ಸಹಿ. ಮರುಕದಿಂದಲೇ ಮಾಡಿದ್ದೀರಿ, ನಂಬುತ್ತೇನೆ. ಆ ಪುಟದಲ್ಲಿ ಗುರುತಿಗೆಂದು ಆಗಲೇ ಯಾರೋ ಒಂದು ಹೊಸ ಕಾಗದದ ಚೂರು ಇಟ್ಟಿದ್ದರು, ಮೇಲೆ ಹೆಡ್ಮಾಸ್ಟರರ ಕೈಬರಹ; ಅವರ ಕೈಯಲ್ಲಿದ್ದ ಆ ‘ಏನೋ’ ಇದೇ. ಶನಿವಾರ ಹನ್ನೊಂದಕ್ಕೆ ಪಟ್ಟಿಗೆ ಮುದ್ರೆ ಹಾಕಲು ಇನ್ಸ್‌ಪೆಕ್ಟರು ಬರುತ್ತಾರೆ. ನಾನು ಪೆನ್ನಿನಲ್ಲಿ ಬರೆದ ಪಟ್ಟಿ, ಈ ಹಳೆಯ ಪಟ್ಟಿ ಎರಡನ್ನೂ ಅವರ ಮೇಜಿನ ಮೇಲೆ ಇಡುತ್ತೇನೆ, ನೀವು ಬಂದರೂ, ಬಾರದಿದ್ದರೂ. ನಿಮ್ಮದನ್ನು ನೀವೇ ಹೇಳಿ ಅಪ್ಪಾ, ನನ್ನ ಬಾಯಲ್ಲಿ ಹೇಳಿಸಬೇಡಿ. ಹಿಂದಿನ ಗೇಟಿನಲ್ಲಿ ನಿಂತಿರುತ್ತೇನೆ. ಶನಿವಾರ, ಬೆಳಿಗ್ಗೆ ಹತ್ತೂವರೆ.